ಉಜ್ಜನಪ್ಪನವರು ಅಂಜಲ್ ಹಿಡಿಯಲು ಹೊರಟಿದ್ದು

ಕಲ್ಲಪ್ಪ ತೀರಿಕೊಂಡ ಸುದ್ದಿ ಶಿವಮೊಗ್ಗದ ದುರ್ಗಿಗುಡಿಯ ಉಜ್ಜನಪ್ಪನವರ ಮನೆಗೆ ಬಂದದ್ದು ಪುಷ್ಯ ಮಾಸದ ಒಂದು ಸೋಮವಾರ ಬೆಳಿಗ್ಗೆ, ಅವರು ಲಿಂಗಪೂಜೆಗೆ ಕುಳಿತಿದ್ದಾಗ. ಫೋನು ಎತ್ತಿಕೊಂಡವರು ಹೆಂಡತಿ ಸುಭದ್ರಮ್ಮ. ಪೂಜೆಗೆ ಕುಳಿತವರನ್ನು ಮಾತನಾಡಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಆಕೆ ಫೋನನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡು, ಪೂಜೆ ಮುಗಿಯುವವರೆಗೆ ಬಾಗಿಲಲ್ಲೇ ನಿಂತರು. ಉಜ್ಜನಪ್ಪನವರು ಕಣ್ಣು ತೆರೆದಾಗ ಅದನ್ನು ಅವರ ಕಿವಿಗೆ ಹಿಡಿದರು.

"ಅಣ್ಣಾ, ನಿಮ್ಮ ಸ್ನೇಹಿತ್ರು ಹೋಗ್ಬಿಟ್ರು" ಎಂದರು ಆ ಕಡೆಯಿಂದ ಕಲ್ಲಪ್ಪನ ಹೆಂಡತಿ ಹಾಲಮ್ಮ.

ಉಜ್ಜನಪ್ಪನವರೂ ಕಲ್ಲಪ್ಪನೂ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಜೊತೆಗೆ ದುಡಿದವರು. ಇವರು ಆಫೀಸಿನಲ್ಲಿ ಹಾಜರಿ ಪುಸ್ತಕ ಬರೆಯುತ್ತಿದ್ದರು, ಅವನು ಕುಲುಮೆಯ ಮುಂದೆ ಬೇಯುತ್ತಿದ್ದ. ಮಧ್ಯಾಹ್ನದ ಊಟಕ್ಕೆ ಮಾತ್ರ ಇಬ್ಬರೂ ಒಂದೇ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚುತ್ತಿದ್ದರು. ಕಲ್ಲಪ್ಪನಿಗೆ ಮೀನೆಂದರೆ ಪ್ರಾಣ. ಆದರೆ ಉಜ್ಜನಪ್ಪನವರ ಪಕ್ಕದಲ್ಲಿ ಕುಳಿತು ಉಂಡಷ್ಟು ಕಾಲವೂ ಅವನ ಡಬ್ಬಿಯಲ್ಲಿ ಒಂದು ದಿನವೂ ಮೀನು ಕಾಣಲಿಲ್ಲ. ತರಬೇಡವೆಂದು ಇವರು ಹೇಳಿದವರಲ್ಲ, ತರುವುದಿಲ್ಲವೆಂದು ಅವನು ಕೊಚ್ಚಿಕೊಂಡವನೂ ಅಲ್ಲ. ಬದಲಿಗೆ ಚಿತ್ರಾನ್ನ ತಿನ್ನುತ್ತ ತಿನ್ನುತ್ತ ಅಂಜಲ್ ಮೀನಿನ ವರ್ಣನೆ ಮಾಡುತ್ತಿದ್ದ. ಅದರ ಮೈ ಎಂಥದು, ಅದರ ಹೋಳು ಎಷ್ಟಗಲ, ಕಾವಲಿಯ ಮೇಲೆ ಅದು ಹೇಗೆ ಕೆಂಪಗಾಗುತ್ತದೆ. ಕೊನೆಗೆ ದಿನವೂ ಒಂದೇ ಮಾತು: "ಒಂದಿನ ಸಮುದ್ರಕ್ಕೆ ಹೋಗಿ, ಕೈಯಾರೆ ಒಂದು ಅಂಜಲ್ ಹಿಡೀಬೇಕು ಉಜ್ಜನಪ್ಪ." ಹೀಗೆ ಉಜ್ಜನಪ್ಪನವರು ಮೂವತ್ತೊಂದು ವರ್ಷ ಕಿವಿಯಿಂದಲೇ ಮೀನು ತಿಂದಿದ್ದರು. ಕಲ್ಲಪ್ಪ ಮಾತ್ರ ಸಮುದ್ರ ನೋಡದೆಯೇ ಹೋದ.

ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ಮೇಲೆ, ಭದ್ರಾವತಿ ಹಳೇನಗರದ ಕಲ್ಲಪ್ಪನ ಮನೆಯ ಪಡಸಾಲೆಯಲ್ಲಿ ಹಿರಿಯರು ಕುಳಿತು ಹನ್ನೊಂದನೇ ದಿನದ ಎಡೆಯ ಮಾತು ತೆಗೆದರು. ಸತ್ತವರಿಗೆ ಏನೇನು ಇಷ್ಟವೋ ಅದೆಲ್ಲವನ್ನೂ ಅಂದು ಎಲೆಗೆ ಬಡಿಸಿಡುವುದು ಆ ಮನೆಯ ಪದ್ಧತಿ. ಯಜಮಾನಿಕೆ ವಹಿಸಿದವನು ಹಾಲಮ್ಮನ ತಮ್ಮ ಶಿವರಾಮ. ಅವನದು ಗೋಡೆಯಾಚೆಯವರಿಗೂ ಕೇಳುವ ಗಂಟಲು.

"ಕೋಳಿ ಆಯ್ತು, ಕುರಿ ಆಯ್ತು, ಮುದ್ದೆ ಆಯ್ತು. ಒಂದು ಕಟ್ಟು ಬೀಡಿ. ಭಾವಂಗೆ ಇನ್ನೇನಕ್ಕಾ ಇಷ್ಟ ಇತ್ತು?"

ಮೂಲೆಯಲ್ಲಿ ಕುಳಿತಿದ್ದ ಉಜ್ಜನಪ್ಪನವರು ಗಂಟಲು ಸರಿಮಾಡಿಕೊಂಡು "ಅಂಜಲ್" ಎಂದರು.

ಹಣೆಯ ತುಂಬ ವಿಭೂತಿ ಧರಿಸಿದವರ ಬಾಯಿಂದ ಆ ಮಾತು ಬಂದದ್ದು ಕೇಳಿ ಇಡೀ ಪಡಸಾಲೆ ಅವರ ಕಡೆ ತಿರುಗಿತು.

"ಅದಕ್ಕೇನು, ಮಾರ್ಕೆಟ್ಟಿಂದ ತಂದ್ರಾಯ್ತು" ಎಂದ ಶಿವರಾಮ.

"ಮಾರ್ಕೆಟ್ಟಿಂದಲ್ಲ. ಸಮುದ್ರದಲ್ಲಿ ಕೈಯಾರೆ ಹಿಡಿದದ್ದು ಆಗ್ಬೇಕು. ಅದೇ ಅವನ ಆಸೆ."

"ಸರಿ ಯಜಮಾನ್ರೆ. ಭಾವ ಅಂತೂ ಹೋದ್ರು. ಹಿಡಿಯೋರ್ಯಾರು? ನೀವಾ? ಮೀನಿನ ಅಂಗಡಿ ಬಂದ್ರೆ ಮೂಗಿಗೆ ಟವೆಲ್ ಕಟ್ಕೊಂಡು ರಸ್ತೆ ದಾಟೋರು ನೀವು!"

ಸೂತಕದ ಮನೆಯೆಂಬುದನ್ನೂ ಮರೆತು ನಾಲ್ಕಾರು ಮಂದಿ ನಕ್ಕರು. ಆ ನಗು ಉಜ್ಜನಪ್ಪನವರಿಗೆ ನಾಟಿತು. "ಹೌದು, ನಾನೇ! ಹನ್ನೊಂದನೇ ದಿನದ ಎಡೆಗೆ ನಾನೇ ಹಿಡಿದು ತರ್ತೀನಿ" ಎಂದುಬಿಟ್ಟರು.

ಅಂದ ಮರುಕ್ಷಣವೇ ಅವರಿಗೆ ಆ ಮಾತನ್ನು ಒಳಗೆ ಎಳೆದುಕೊಳ್ಳುವ ಮನಸ್ಸಾಯಿತು. ಕೆಮ್ಮಿ ನೋಡಿದರು, ನೀರು ಕೇಳಿದರು. ಆದರೆ ಅಷ್ಟರಲ್ಲಿ ಮೂರು ದಿನದಿಂದ ತಲೆ ಎತ್ತದೆ ಕುಳಿತಿದ್ದ ಹಾಲಮ್ಮ ತಲೆ ಎತ್ತಿ ಅವರನ್ನು ನೋಡಿದರು. "ನಿಜವಾಗ್ಲೂ ಹಿಡೀತೀರಾ ಅಣ್ಣಾ?" ಎಂದರು.

ಇನ್ನು ಬೇರೆ ದಾರಿಯಿರಲಿಲ್ಲ.

ಶಿವಮೊಗ್ಗದ ಬಸ್ಸಿನಲ್ಲಿ ಕುಳಿತ ಮೇಲೆ ಉಜ್ಜನಪ್ಪನವರು ಯೋಜನೆ ಹಾಕತೊಡಗಿದರು. ಬಸ್ಸು ಊರು ಮುಟ್ಟುವ ಹೊತ್ತಿಗೆ ಒಂದು ಮುಖ್ಯ ವಿಷಯ ಅವರಿಗೆ ಹೊಳೆಯಿತು: ಅಂಜಲ್ ಮೀನನ್ನು ತಾವು ಇದುವರೆಗೆ ಕಣ್ಣಾರೆ ಕಂಡಿರಲಿಲ್ಲ.

ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಗ ವಿಜಯಕುಮಾರ್ ಗಿರಾಕಿಯೊಬ್ಬರಿಂದ ಗಂಗೊಳ್ಳಿಯ ಸಂಜಯ್ ಖಾರ್ವಿ ಎಂಬ ದೋಣಿಯವನ ನಂಬರು ದೊರಕಿಸಿಕೊಟ್ಟ. ಗಾಳ ಹಾಕುವ ಚಪಲದವರನ್ನು ಸಮುದ್ರಕ್ಕೆ ಕರೆದೊಯ್ಯುವುದೇ ಆತನ ಕಸುಬು. ಉಜ್ಜನಪ್ಪನವರು ಜಗಲಿಯ ಮೇಲೆ ನಿಂತು, ಗಂಗೊಳ್ಳಿ ದೂರವಾದ್ದರಿಂದ ಅದಕ್ಕೆ ತಕ್ಕ ಧ್ವನಿಯಲ್ಲಿ ಮಾತನಾಡಿದರು.

"ಗಾಳಕ್ಕೆ ಚಪಾತಿ ಹಿಟ್ಟು ಸಿಕ್ಕಿಸಿದ್ರೆ ಆಗುತ್ತಾ?"

"ಅಂಜಲ್ ಚಪಾತಿ ತಿಂಬುದಿಲ್ಲ ಮಾರ್ರೆ. ಅದಕ್ಕೆ ಜೀವದ ಸಣ್ಣ ಮೀನು ಬೇಕು."

"ಜೀವ ಇರೋದನ್ನ ಚುಚ್ಚೋದು ನನ್ನಿಂದಾಗಲ್ಲ."

ಮೀನು ಹಿಡಿಯಲು ಬರುವವನಿಗೆ ಮೀನಿನ ಮೇಲೆ ಇಷ್ಟು ಮರುಕವಿರುವುದು ಸಂಜಯನ ಅನುಭವಕ್ಕೆ ಹೊಸದು. "ಹಾಗಾದ್ರೆ ಹೊಳೆಯುವ ತಗಡಿನ ಮೀನು ಬರ್ತದೆ. ಅದನ್ನು ಕಟ್ಟುವ. ನಿಮ್ಮ ಅದೃಷ್ಟ" ಎಂದ.

"ಒಂದು ಎಷ್ಟು ಕೆಜಿ ಬರುತ್ತೆ? ಓಹೋ! ಐಸ್ ಡಬ್ಬ ನಾನೇ ತರ್ತೀನಿ. ದುರ್ಗಿಗುಡಿ ಮುಟ್ಟೋಷ್ಟರಲ್ಲಿ ಕೆಡಬಾರದು, ತಿಳೀತಾ?"

ಪಕ್ಕದ ಮನೆಯ ಷಡಕ್ಷರಪ್ಪನವರು ಆಗ ತಮ್ಮ ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದರು. ಬೀದಿಯ ಭಜನಾ ಮಂಡಳಿಗೆ ಅವರೇ ಅಧ್ಯಕ್ಷರು. ಅವರ ಕಿವಿಗೆ ಬಿದ್ದದ್ದು ಈ ಕೊನೆಯ ಮಾತುಗಳು ಮಾತ್ರ. ಮಾರನೆಯ ದಿನ ಮಂಚದಷ್ಟು ದೊಡ್ಡ ಥರ್ಮಾಕೋಲ್ ಡಬ್ಬವೊಂದು ಆಟೋದಲ್ಲಿ ಬಂದಿಳಿಯಿತು. "ಅದನ್ನ ಹೊಸಿಲು ದಾಟಿಸಿದ್ರೆ ನಾನು ತವರಿಗೆ ಹೋಗ್ತೀನಿ" ಎಂದು ಸುಭದ್ರಮ್ಮ ಹೇಳಿದ್ದರಿಂದ ಅದನ್ನು ರಸ್ತೆಗೆ ಮುಖಮಾಡಿದ ಅಂಗಡಿ ಕೋಣೆಯಲ್ಲಿ ಇರಿಸಲಾಯಿತು. ಅಲ್ಲಿದ್ದ ದರ್ಜಿ ಬಿಟ್ಟುಹೋಗಿ ಒಂದು ತಿಂಗಳಾಗಿತ್ತು, ಕೋಣೆ ಖಾಲಿಯಿತ್ತು. ಷಡಕ್ಷರಪ್ಪನವರು ಕೆಜಿಯನ್ನೂ ಐಸನ್ನೂ ಖಾಲಿ ಕೋಣೆಯನ್ನೂ ಮನಸ್ಸಿನಲ್ಲೇ ಜೋಡಿಸಿದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು: ಉಜ್ಜನಪ್ಪನವರು ದುರ್ಗಿಗುಡಿಯಲ್ಲಿ ಮೀನಿನ ಅಂಗಡಿ ತೆಗೆಯುತ್ತಿದ್ದಾರೆ!

ಇದಾವುದೂ ಉಜ್ಜನಪ್ಪನವರಿಗೆ ತಿಳಿಯದು. ಅವರು ಆಗಲೇ ಅಭ್ಯಾಸಕ್ಕೆ ತೊಡಗಿದ್ದರು. ಐದನೆಯ ದಿನ ಬೆಳಿಗ್ಗೆ ಹೊಸ ಗಾಳದ ಕೋಲು ಹಿಡಿದು ತಾರಸಿ ಹತ್ತಿ, ಮೂಲೆಯ ಬಕೆಟ್ಟನ್ನೇ ಅಂಜಲ್ ಎಂದು ಭಾವಿಸಿ ಗಾಳ ಬೀಸಿದರು. ಮೊದಲ ಸಲ ಅದು ಟೀವಿಯ ತಂತಿಗೆ ಸಿಕ್ಕಿತು. ಎರಡನೆಯ ಸಲ ಅವರದೇ ಬನಿಯನ್ನಿಗೆ. ಮೂರನೆಯ ಸಲ ಮೈಯ ಬಲವನ್ನೆಲ್ಲ ಹಾಕಿ ಬೀಸಿದಾಗ, ಆ ಕಡೆಯ ಮನೆಯ ತಾರಸಿಯಿಂದ ಬೆಳ್ಳಗಿನ ದೊಡ್ಡದೊಂದು ವಸ್ತು ಗಾಳಿಯಲ್ಲಿ ತೇಲುತ್ತ ಇವರತ್ತ ಬಂತು.

ಅದು ನಿವೃತ್ತ ಸಂಸ್ಕೃತ ಮೇಷ್ಟರು ವೆಂಕಟಾಚಲ ಅವರ ಮಡಿ ಪಂಚೆ. ಬೆಳಿಗ್ಗೆ ಮಿಂದು, ಯಾರ ಕೈಯೂ ಸೋಕದಂತೆ ಕೋಲಿನಿಂದ ಹರವಿ ಒಣಗಿಸಿದ್ದು.

"ಏನ್ರೀ ಇದು ಉಜ್ಜನಪ್ಪನವರೇ! ಮಡಿ ಕಣ್ರೀ ಅದು! ಮೀನಿನ ಗಾಳ ತಗುಲಿಸಿಬಿಟ್ರಲ್ರೀ!"

"ಗಾಳ ಹೊಸದು ಮೇಷ್ಟ್ರೇ. ಇನ್ನೂ ಒಂದು ಮೀನನ್ನೂ ಮುಟ್ಟಿಲ್ಲ. ನಿಮ್ಮ ಪಂಚೆಯಷ್ಟೇ ಮಡಿ."

ವೆಂಕಟಾಚಲ ಅವರು ಶಾಸ್ತ್ರ ಬಲ್ಲವರು. ಸುಮ್ಮನೆ ಜಗಳಕ್ಕೆ ಬೀಳದೆ ಸ್ವಲ್ಪ ಯೋಚಿಸಿದರು. "ಮುಟ್ಟಿಲ್ಲ, ಒಪ್ಪಿದೆ. ಆದ್ರೆ ಮುಟ್ಟಬೇಕು ಅನ್ನೋ ಸಂಕಲ್ಪ ಇದೆಯಲ್ಲ? ಸಂಕಲ್ಪಕ್ಕೂ ಮೈಲಿಗೆ ಉಂಟು" ಎಂದು ತೀರ್ಪು ಕೊಟ್ಟು, ಆ ಚಳಿಯಲ್ಲಿ ಇನ್ನೊಮ್ಮೆ ಸ್ನಾನಕ್ಕೆ ಇಳಿದರು. ಅಲ್ಲಿಗೆ ಬೀದಿಯವರಿಗೆ ಸಂಶಯ ಉಳಿಯಲಿಲ್ಲ. ಅಂಗಡಿಗೆ ಕೋಣೆ, ಐಸ್ ಡಬ್ಬ ಮೊದಲೇ ಇದ್ದವು; ಈಗ ಗಾಳವೂ ಬಂದಿತ್ತು.

ಏಳನೆಯ ದಿನ ಸಂಜೆ ಷಡಕ್ಷರಪ್ಪನವರ ಮುಂದಾಳತ್ವದಲ್ಲಿ ಬೀದಿಯ ಆರು ಮಂದಿ ಹಿರಿಯರು ಜಗಲಿಗೆ ಬಂದರು. ಅವರು ಕೊಟ್ಟ ಅರ್ಜಿಯ ಮೇಲೆ ಆರೋಗ್ಯ ಇಲಾಖೆಯ ಜ್ಞಾನೇಶ್ ಎಂಬ ನಿರೀಕ್ಷಕನೂ ಪುಸ್ತಕ, ಪೆನ್ನು ಹಿಡಿದು ಬಂದಿದ್ದ.

"ಸಾರ್, ಮೀನು ಮಾರೋಕೆ ಪರವಾನಗಿ ಇದೆಯಾ?" ಎಂದ ಜ್ಞಾನೇಶ್.

"ಯಾರು ಮಾರ್ತಾರೆ?"

"ನೀವೇ. ಸ್ಟಾಕು ತೋರ್ಸಿ."

ಅಂಗಡಿ ಕೋಣೆಯ ಬೀಗ ತೆಗೆಯಲಾಯಿತು. ಹಿರಿಯರು ಟವೆಲಿನಿಂದ ಮೂಗು ಮುಚ್ಚಿಕೊಂಡರು. ಜ್ಞಾನೇಶ್ ಡಬ್ಬದ ಮುಚ್ಚಳ ತೆರೆದ. ಒಳಗಿದ್ದದ್ದು ಒಂದು ಮಾರು ಹಗ್ಗ, ವಿಭೂತಿಯ ಗಟ್ಟಿ, ಎರಡು ನಿಂಬೆಹಣ್ಣು, ವಾಂತಿಯ ಮಾತ್ರೆ ಮತ್ತು ಗೇಣುದ್ದದ ತಗಡಿನ ಮೀನು. ಜ್ಞಾನೇಶ್ ಆ ಮೀನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪುಸ್ತಕದಲ್ಲಿ 'ಮೀನು, ತಗಡಿನದು, ಒಂದು' ಎಂದು ಬರೆದುಕೊಂಡ.

"ನೋಡಿ ಷಡಕ್ಷರಪ್ಪನವರೇ" ಎಂದರು ಉಜ್ಜನಪ್ಪನವರು, ಎಲ್ಲರ ಮನಸ್ಸಿಗೂ ನೆಮ್ಮದಿಯಾಗಲೆಂದು. "ನಾನು ಮೀನು ಮಾರ್ತಾ ಇಲ್ಲ. ಹಿಡೀತಾ ಇದ್ದೀನಿ, ಅಷ್ಟೇ."

ಮಾರಾಟಕ್ಕಾದರೆ ಕೆಲಸದಾಳು ಇಟ್ಟುಕೊಳ್ಳಬಹುದು, ಉಜ್ಜನಪ್ಪನವರು ಮುಟ್ಟದೆ ಇರಬಹುದು ಎಂದು ಹಿರಿಯರೆಲ್ಲ ಇಷ್ಟು ದಿನ ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದರು.

"ಹಿಡಿಯೋದಾ! ಸ್ವಂತ ಕೈಯಲ್ಲಾ!" ಎಂದರು ಷಡಕ್ಷರಪ್ಪನವರು. "ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳ! ಏನ್ ಕಾಲ ಬಂತು ಮಾರಾಯ!"

"ಕೊರಳಲ್ಲಿ ಲಿಂಗ ಇರೋದ್ರಿಂದಲೇ ಕೊಟ್ಟ ಮಾತು ತಪ್ಪೋಕೆ ಆಗ್ತಿಲ್ಲ" ಎಂದರು ಉಜ್ಜನಪ್ಪನವರು.

"ಯಾರಿಗೆ ಕೊಟ್ಟ ಮಾತು?"

ಉಜ್ಜನಪ್ಪನವರು ತಗಡಿನ ಮೀನನ್ನು ಜ್ಞಾನೇಶನ ಕೈಯಿಂದ ತೆಗೆದುಕೊಂಡು ಮತ್ತೆ ಡಬ್ಬದೊಳಗಿಟ್ಟರು. ಆಗ ಬಾಗಿಲ ಮರೆಯಿಂದ ಸುಭದ್ರಮ್ಮ ಹೊರಗೆ ಬಂದರು. ಡಬ್ಬ ಬಂದ ದಿನದಿಂದ ಗಂಡನ ಜೊತೆ ಮಾತು ಬಿಟ್ಟಿದ್ದ ಆಕೆ ಈಗಲೂ ಅವರ ಕಡೆ ನೋಡಲಿಲ್ಲ. ಮಾತನಾಡಿದ್ದು ಷಡಕ್ಷರಪ್ಪನವರ ಜೊತೆ.

"ಅಣ್ಣೋರೆ, ಭದ್ರಾವತಿ ಕಲ್ಲಪ್ಪ ಅಂತ ಇದ್ರು. ಮೀನು ಅಂದ್ರೆ ಜೀವ ಬಿಡೋ ಮನುಷ್ಯ. ಇವ್ರ ಪಕ್ಕ ಊಟಕ್ಕೆ ಕೂರ್ತೀನಿ ಅಂತ ಮೂವತ್ತೊಂದು ವರ್ಷ ಡಬ್ಬಿಗೆ ಮೀನು ಹಾಕ್ಸ್ಕೊಳ್ಲಿಲ್ಲ. ಅವ್ರ ಎಡೆಗೆ ಒಂದು ಮೀನು ತರ್ತೀನಿ ಅಂತ ಇವ್ರು ಹೊರಟಿದ್ದಾರೆ. ನನಗೂ ಅಸಹ್ಯವೇ. ಆದ್ರೆ ಬೇಡ ಅನ್ನೋಕೆ ನನಗೆ ಬಾಯಿಲ್ಲ. ನಿಮಗಿದ್ರೆ ಹೇಳಿ."

ವೆಂಕಟಾಚಲ ಅವರು ಮೂಗಿನ ಮೇಲಿನ ಟವೆಲನ್ನು ಮೆಲ್ಲಗೆ ಕೆಳಗಿಳಿಸಿದರು. "ಋಣ ಅಂದ್ರೆ ಅದು ಬೇರೆ ಮಾತು" ಎಂದು ಹೊರಟರು. ಷಡಕ್ಷರಪ್ಪನವರು ಹೋಗುವಾಗ, "ವಾಪಸು ಬಂದವರು ಸ್ನಾನ ಮಾಡಿಯೇ ಬೀದಿಗೆ ಬರ್ಬೇಕು, ಅಷ್ಟು ಹೇಳಿಬಿಡಿ" ಎಂದರು. ಜ್ಞಾನೇಶ್ ಮಾತ್ರ ಹಿಂದುಳಿದ. ಎಲ್ಲರೂ ಗೇಟು ದಾಟಿದ ಮೇಲೆ ದನಿ ತಗ್ಗಿಸಿ, "ಅಕಸ್ಮಾತ್ ಅಂಗಡಿ ಹಾಕೋ ಯೋಚನೆ ಬಂದ್ರೆ ಮೊದಲು ನನಗೆ ಹೇಳಿ ಸಾರ್. ತಾಜಾ ಅಂಜಲ್ ಈ ಊರಲ್ಲಿ ಸಿಗೋದೇ ಕಷ್ಟ" ಎಂದ.

ಒಂಬತ್ತನೆಯ ದಿನ ಮಧ್ಯಾಹ್ನ ಕಾರು ಹೊರಟಿತು. ನಡೆಸುವವನು ವಿಜಯಕುಮಾರ್. ಹಿಂದಿನ ಸೀಟಿನಲ್ಲಿ ಶಿವರಾಮ. "ಇವ್ರು ಗಂಗೊಳ್ಳಿ ಮಾರ್ಕೆಟ್ಟಲ್ಲಿ ಕೊಂಡ್ಕೊಂಡು ಬಂದು ಹಿಡಿದೆ ಅಂದ್ರೆ? ಸಾಕ್ಷಿಗೆ ನಾನಿರ್ತೀನಿ" ಎಂದು ಅವನು ತಾನಾಗಿಯೇ ಬಂದಿದ್ದ. ಸುಭದ್ರಮ್ಮ ಅವಲಕ್ಕಿಯ ಗಂಟನ್ನು ಗಂಡನ ಕೈಗೆ ಕೊಡದೆ ಮಗನ ಕೈಗೆ ಕೊಟ್ಟರು.

ಮಾರನೆಯ ಬೆಳಿಗ್ಗೆ ಉಜ್ಜನಪ್ಪನವರು ಗಂಗೊಳ್ಳಿಯಲ್ಲಿ ದೋಣಿ ನಿಲ್ಲುವ ದಕ್ಕೆಯ ಮೇಲೆಯೇ ಲಿಂಗಪೂಜೆ ಮಾಡಿ ದೋಣಿ ಹತ್ತಿದರು. ವಿಜಯಕುಮಾರ್ ದಡದಲ್ಲೇ ಉಳಿದ.

"ನಾನು ತುಂಬಿದ ಭದ್ರಾ ನಾಲೆ ಈಜಿದೋನು" ಎಂದು ದೋಣಿ ಬಿಡುವಾಗ ಹೇಳುತ್ತಿದ್ದ ಶಿವರಾಮ ಇಪ್ಪತ್ತು ನಿಮಿಷದೊಳಗೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ದೋಣಿಯ ತಳದಲ್ಲಿ ಅಂಗಾತ ಬಿದ್ದ. ಉಜ್ಜನಪ್ಪನವರಿಗೆ ಏನೂ ಆಗಲಿಲ್ಲ. ಹೊಟ್ಟೆ ತೊಳಸಲು ಅವರ ಮನಸ್ಸಿಗೆ ಬಿಡುವೇ ಇರಲಿಲ್ಲ.

ಕೈ ಪಳಗಲೆಂದು ಸಂಜಯ್ ಮೊದಲು ಅವರಿಗೆ ತೆಳ್ಳನೆಯ ದಾರವೊಂದನ್ನು ಕೊಟ್ಟ. ಸ್ವಲ್ಪ ಹೊತ್ತಿಗೆಲ್ಲ ಅದಕ್ಕೆ ಗೇಣುದ್ದದ ಮೀನೊಂದು ಸಿಕ್ಕಿತು. ಉಜ್ಜನಪ್ಪನವರು ಒಂದು ಕೈಯಲ್ಲಿ ಮೀನನ್ನೂ ಇನ್ನೊಂದರಲ್ಲಿ ಮೊಬೈಲನ್ನೂ ಹಿಡಿದು ಕೂಗಿದರು: "ವಿಜೀ, ಸಿಕ್ತು! ಅಂಜಲ್ ಸಿಕ್ತು! ಭದ್ರಾವತಿಗೆ ಹೇಳು!"

ವಿಜಯಕುಮಾರ್ ಭದ್ರಾವತಿಗೂ ಹೇಳಿದ, ಮನೆಗೂ ಹೇಳಿದ.

"ಅದು ಬಂಗುಡೆ ಮಾರ್ರೆ" ಎಂದ ಸಂಜಯ್. "ಅಂಜಲ್ ತಿಂಬುದು ಇದನ್ನೇ. ಕೊಡಿ, ಜೀವ ಇರುವಾಗಲೇ ದೊಡ್ಡ ಗಾಳಕ್ಕೆ ಸಿಕ್ಕಿಸುವ. ಗ್ಯಾರಂಟಿ ಬರ್ತದೆ."

ಉಜ್ಜನಪ್ಪನವರು ಕೈಯಲ್ಲಿ ಮಿಡುಕುತ್ತಿದ್ದ ಮೀನನ್ನು ನೋಡಿದರು. ಮೆಲ್ಲಗೆ ಬಗ್ಗಿ ಅದನ್ನು ನೀರಿಗೆ ಬಿಟ್ಟರು.

"ನಿಮಗೆ ಅಂಜಲ್ ಬೇಕಾ, ಬೇಡದಾ?"

"ಬೇಕು. ನನಗೆ ಬೇಕಾದದ್ದು ಒಂದೇ ಜೀವ. ಅದು ತಗಡಿನ ಮೀನಿಗೇ ಬರ್ಲಿ."

ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ದಡದಲ್ಲಿ ನಿಂತ ವಿಜಯಕುಮಾರನಿಗೆ ಭದ್ರಾವತಿಯಿಂದ, ದುರ್ಗಿಗುಡಿಯಿಂದ, ಚನ್ನಗಿರಿಯ ನೆಂಟರಿಂದ ಅಭಿನಂದನೆಯ ಕರೆಗಳು ಬರುತ್ತಲೇ ಇದ್ದವು. ಸಮುದ್ರದ ಮೇಲೆ ಮಾತ್ರ ಏನೂ ಬರಲಿಲ್ಲ. ಉಜ್ಜನಪ್ಪನವರ ಅಂಗೈ ಬೊಬ್ಬೆ ಎದ್ದಿತ್ತು, ಬೋಳುತಲೆ ಬಿಸಿಲಿಗೆ ಕೆಂಪೇರಿತ್ತು. "ಗಾಳಿ ಏಳ್ತಾ ಉಂಟು. ಇನ್ನೊಂದು ಸುತ್ತು, ಮತ್ತೆ ತಿರುಗಿಸುವುದೇ" ಎಂದ ಸಂಜಯ್.

ಆ ಸುತ್ತಿನಲ್ಲಿ ಕೋಲು ಒಮ್ಮೆಗೇ ಬಿಲ್ಲಿನಂತೆ ಬಗ್ಗಿತು. ರೀಲು ಕಿರುಚಿಕೊಂಡಿತು.

"ಬಿತ್ತು! ಹಿಡೀರಿ ಮಾರ್ರೆ, ಸಡಿಲ ಬಿಡಬೇಡಿ!"

ಉಜ್ಜನಪ್ಪನವರು ಸಡಿಲ ಬಿಡುವವರಲ್ಲ. ಒಂದೊಂದು ಸುತ್ತಿಗೂ "ಶಿವಾ, ಶಿವಾ" ಎನ್ನುತ್ತ ಸುತ್ತಿದರು. ಮೀನು ದೂರ ಓಡಿತು, ಇವರು ಎಳೆದರು. ಮತ್ತೆ ಓಡಿತು, ಮತ್ತೆ ಎಳೆದರು. ಕೊನೆಗೆ ದೋಣಿಯ ಪಕ್ಕದಲ್ಲೇ ನೀರು ಸೀಳಿಕೊಂಡು ಬೆಳ್ಳಿಯ ಪಟ್ಟಿಯಂಥದೊಂದು ಮೇಲೆದ್ದಿತು. ಸಂಜಯ್ ಕೊಕ್ಕೆ ತೆಗೆದುಕೊಂಡು ಮುಂದೆ ಬಂದ.

"ಮುಟ್ಬೇಡಿ! ಕೈಯಾರೆ ಅಂತ ಮಾತು!" ಎಂದು ಕೂಗಿದ ಉಜ್ಜನಪ್ಪನವರು ಅಂಚಿನಿಂದ ಬಗ್ಗಿ ಎರಡು ಕೈಯಲ್ಲೂ ಅದರ ಬಾಲ ಹಿಡಿದರು. ಆಗ ಸಮುದ್ರ ಅವರನ್ನು ಒಂದು ಕಡೆ ಎಳೆಯಿತು. ಸಂಜಯ್ ಅವರ ಕಚ್ಚೆ ಹಿಡಿದು ಇನ್ನೊಂದು ಕಡೆ ಎಳೆದ. ಕಚ್ಚೆ ಗಟ್ಟಿಯಾಗಿತ್ತು. ಎಪ್ಪತ್ತು ವರ್ಷದ ಉಜ್ಜನಪ್ಪನವರೂ ನಾಲ್ಕು ಕೆಜಿಯ ಅಂಜಲ್ಲೂ ಒಟ್ಟಿಗೆ ಹಿಂದಕ್ಕೆ ಉರುಳಿ ಶಿವರಾಮನ ಹೊಟ್ಟೆಯ ಮೇಲೆ ಬಿದ್ದರು.

"ಅಯ್ಯಯ್ಯೋ, ಮುಳುಗ್ತು! ಸತ್ತೆ!" ಎಂದು ಟವೆಲಿನೊಳಗಿಂದ ಶಿವರಾಮ ಅರಚಿದ.

ಉಜ್ಜನಪ್ಪನವರು ಎದ್ದು ಕುಳಿತರು. ಮೀನು ಅವರ ಮುಂದೆ ಬಾಯಿ ತೆರೆಯುತ್ತ ಮುಚ್ಚುತ್ತ ಇತ್ತು. ಅದರ ಮೈಯ ಹೊಳಪು ನಿಧಾನವಾಗಿ ಮಾಸುವುದನ್ನು ಅವರು ಕಣ್ಣು ತಿರುಗಿಸದೆ ನೋಡಿದರು. ಅದು ಪೂರ್ತಿ ಸುಮ್ಮನಾದ ಮೇಲೆ "ತಪ್ಪಾಯ್ತು" ಎಂದರು. ವಿಭೂತಿಯ ಗಟ್ಟಿ ತೆಗೆದು ಅದರ ತಲೆಯ ಮೇಲೆ ಮೂರು ಬೆರಳು ಎಳೆದರು. ಸಂಜಯ್ ಇಂಜಿನ್ನಿನ ಕಡೆ ಮುಖ ತಿರುಗಿಸಿದ.

ಹನ್ನೊಂದನೆಯ ದಿನ ಬೆಳಿಗ್ಗೆ ಡಬ್ಬವನ್ನು ಹಾಲಮ್ಮನ ಮುಂದಿಟ್ಟರು. ಆಕೆ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟರು. "ಇಷ್ಟೇನಾ ಅಣ್ಣಾ? ನಿಮ್ಮ ಸ್ನೇಹಿತ್ರು ಎರಡು ಕೈ ಅಗಲಿಸಿ, ಹೊಸ್ತಿಲಿಂದ ಹಿತ್ತಲವರೆಗೂ ತೋರಿಸ್ತಿದ್ರು" ಎಂದರು. ಹೇಳುತ್ತಲೇ ಅವರ ಕಣ್ಣು ತುಂಬಿ ಬಂತು.

ಪಡಸಾಲೆಯ ಹಿರಿಯರು ಸುಮ್ಮನಿರಲಿಲ್ಲ. "ನಿಜವಾಗ್ಲೂ ಇವ್ರೇ ಹಿಡಿದ್ರೇನೋ ಶಿವರಾಮ? ನೀನು ನೋಡಿದ್ಯಾ?" ಎಂದು ಒಬ್ಬರು ಕೇಳಿದರು.

ಸಾಕ್ಷಿಗೆಂದು ಬಂದವನು ಇಡೀ ಸಮುದ್ರವನ್ನು ಟವೆಲಿನ ಕೆಳಗಿಂದ ನೋಡಿದ್ದ. ಅವನು ಇಲ್ಲವೆಂದರೆ ಮುಗಿಯಿತು. ಹೌದೆಂದರೆ ಸುಳ್ಳು. ಶಿವರಾಮ ಅಕ್ಕನ ಮುಖ ನೋಡಿದ. ಎದ್ದು ನಿಂತ.

"ನೋಡಿದ್ಯಾ ಅಂದ್ರೆ? ಈ ಎರಡು ಕಣ್ಣಿಂದ ನೋಡಿದ್ದೀನಿ! ಅಲೆ ಅಂದ್ರೆ ತೆಂಗಿನ ಮರದೆತ್ತರ. ಖಾರ್ವಿ ಹೆದ್ರಿ ಕೂತ್ಬಿಟ್ಟ. ನಾನು, ಬೇಡ ಯಜಮಾನ್ರೆ, ಜೀವಕ್ಕೆ ಅಪಾಯ ಅಂದೆ. ಕೇಳಿದ್ರೆ ತಾನೆ? ಬರಿಗೈಯಲ್ಲಿ ಎತ್ತಿ ಹಾಕಿದ್ರು. ಅದು ನನ್ನ ಮೈಮೇಲೇ ಬಿತ್ತು, ಬೇಕಾದ್ರೆ ಈ ಅಂಗಿ ಮೂಸಿ ನೋಡ್ರಿ."

ಮೂವರು ಹಿರಿಯರು ಮೂಸಿ ನೋಡಿ, ತೃಪ್ತರಾದರು. ಉಜ್ಜನಪ್ಪನವರು ಅಲೆಯ ಎತ್ತರವನ್ನಾದರೂ ತಿದ್ದೋಣವೆಂದು ಬಾಯಿ ತೆರೆದು, ಶಿವರಾಮನ ಕಣ್ಣು ಒದ್ದೆಯಾದದ್ದು ಕಂಡು ಸುಮ್ಮನಾದರು.

ಮಧ್ಯಾಹ್ನ ಬಾಳೆಯೆಲೆಗೆ ಎಡೆ ಬಡಿಸಿದರು. ಮುದ್ದೆ, ಕೋಳಿ, ಕುರಿ, ಬೀಡಿಯ ಕಟ್ಟು, ನಡುವೆ ಕೆಂಪಗೆ ಹುರಿದ ಅಂಜಲ್ಲಿನ ಅಗಲವಾದ ಹೋಳು. ದೀಪ ಹಚ್ಚಿ, ಧೂಪ ಹಾಕಿ, ಹೋದವನು ಬಂದು ನೆಮ್ಮದಿಯಾಗಿ ಉಣ್ಣಲೆಂದು ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದು ನಿಂತರು. ಉಜ್ಜನಪ್ಪನವರ ಮನೆಯಲ್ಲಿ ಈ ಪದ್ಧತಿಯಿಲ್ಲ. ಅವರಲ್ಲಿ ಹೋದವರು ಶಿವನಲ್ಲಿ ಸೇರಿದರೆಂದೇ ನಂಬಿಕೆ, ತಿರುಗಿ ಊಟಕ್ಕೆ ಬರುವುದಿಲ್ಲ. ಆದರೂ ಅವರು ಎಲ್ಲರಿಗಿಂತ ಮುಂದೆ, ಬಾಗಿಲಿಗೆ ಹತ್ತಿರವಾಗಿ ನಿಂತರು. ಒಳಗಿನಿಂದ ಹುರಿದ ಮೀನಿನ ವಾಸನೆ ಬಾಗಿಲ ಸಂದಿಯಲ್ಲಿ ಹಾದು ನೇರವಾಗಿ ಅವರ ಮುಖಕ್ಕೇ ಬರುತ್ತಿತ್ತು. ಅವರು ಅಲುಗಲಿಲ್ಲ. ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು.

"ಶಿವನೇ, ಒಂದು ಜೀವ ತೆಗೆದ ಪಾಪ ನನಗಿರಲಿ, ಅವನಿಗೆ ಬೇಡ. ಅವನು ನಿಧಾನವಾಗಿ ಊಟ ಮಾಡಲಿ, ಅವಸರ ಮಾಡಬೇಡ. ಉಂಡು ಎದ್ದ ಮೇಲೆ ಅವನನ್ನು ನಿನ್ನ ಬಳಿ ಕರೆದುಕೋ. ಬೆಂಕಿಯ ಮುಂದೆ ಬಹಳ ವರ್ಷ ನಿಂತವನು ತಂದೆ, ತಂಪಾದ ಜಾಗದಲ್ಲಿ ಕೂರಿಸು. ನನ್ನ ಕಲ್ಲಪ್ಪನಿಗೆ ಶಾಂತಿ ಕೊಡು."